ಪಾಯಿಂಟ್ 1651-1651, ಗೆಲುವು 10-6: ಅಲ್ಕರಾಜ್-ಸಿನ್ನರ್ ಫೈನಲ್ ಅಂದರೆ ಫ್ಯಾನ್ಸ್ ವಾದ ಯಾಕೆ ಮುಗಿಯೋದೇ ಇಲ್ಲ?

2025ರ ನವೆಂಬರ್ 16ರಂದು ಇಟಲಿಯ ಟೂರಿನ್‌ನಲ್ಲಿ ಪುರುಷರ ಟೆನಿಸ್‌ನ ವರ್ಷಾಂತ್ಯದ ಟೂರ್ನಿ ಎಟಿಪಿ ಫೈನಲ್ಸ್ ಮುಗಿಯಿತು. ಇಟಲಿಯವರೇ ಆದ ಯಾನಿಕ್ ಸಿನ್ನರ್ 7-6, 7-5ರಿಂದ ಸ್ಪೇನ್‌ನ ಕಾರ್ಲೊಸ್ ಅಲ್ಕರಾಜ್ ಅವರನ್ನು ಸೋಲಿಸಿ ಕಪ್ ಎತ್ತಿದರು. ಆದರೆ 2025ರ ನಂಬರ್ ಒನ್ ಪಟ್ಟ ಸೋತ ಅಲ್ಕರಾಜ್ ಹತ್ತಿರವೇ ಉಳಿಯಿತು. ಅದರ ಬೆನ್ನಿಗೇ ಇನ್ನೊಂದು ಅಂಕಿ ಎಲ್ಲ ಕಡೆ ಓಡಾಡತೊಡಗಿತು. ಇವರಿಬ್ಬರು ಅಲ್ಲಿಯವರೆಗೆ ಆಡಿದ 16 ಪಂದ್ಯಗಳನ್ನು ಒಟ್ಟು ಸೇರಿಸಿದರೆ ಅಲ್ಕರಾಜ್ ಗೆದ್ದ ಪಾಯಿಂಟ್ 1651, ಸಿನ್ನರ್ ಗೆದ್ದ ಪಾಯಿಂಟ್ ಕೂಡ 1651. ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿ ಇಲ್ಲ. ಪಂದ್ಯಗಳ ಲೆಕ್ಕ ಮಾತ್ರ 10-6, ಅಲ್ಕರಾಜ್ ಪರ.

ಇದನ್ನು ನೋಡಿ ತುಂಬ ಜನಕ್ಕೆ ಗೊಂದಲ. ಪಾಯಿಂಟ್ ಸಮ ಅಂದಮೇಲೆ ಗೆಲುವೂ ಹೆಚ್ಚುಕಮ್ಮಿ ಸಮ ಇರಬೇಕಲ್ವಾ? 2026ರ ಜನವರಿಯಲ್ಲಿ ಶುರುವಾಗುವ ಆಸ್ಟ್ರೇಲಿಯನ್ ಓಪನ್‌ನಲ್ಲಿ ಮತ್ತೆ ಇವರೇ ಫೈನಲ್‌ಗೆ ಬಂದರೆ ಯಾವ ಅಂಕಿ ನಂಬಬೇಕು? ಅಲ್ಕರಾಜ್ ಫ್ಯಾನ್ಸ್ 10-6 ತೋರಿಸುತ್ತಾರೆ. ಸಿನ್ನರ್ ಫ್ಯಾನ್ಸ್ ಟೂರಿನ್ ತೋರಿಸುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಟೆನಿಸ್‌ನಲ್ಲಿ ಫೈನಲ್ ಯಾರದು ಅಂತ ಒಂದು ಹೆಸರು ಹೇಳಿ ಮುಗಿಸೋದಕ್ಕಿಂತ, ಏನಾದರೆ ಯಾರು ಗೆಲ್ಲುತ್ತಾರೆ ಅಂತ ಹೇಳುವುದೇ ನಿಜವಾದ ಉತ್ತರ. ಅದು ಯಾಕೆ ಅಂತ ಒಂದೊಂದಾಗಿ ನೋಡೋಣ.

ಹಿನ್ನೆಲೆ: ಎರಡು ವರ್ಷ, ಎಂಟು ಗ್ರ್ಯಾನ್‌ಸ್ಲಾಮ್, ಇಬ್ಬರೇ

ವರ್ಷದ ನಾಲ್ಕು ದೊಡ್ಡ ಟೂರ್ನಿಗಳಿಗೆ ಗ್ರ್ಯಾನ್‌ಸ್ಲಾಮ್ ಅನ್ನುತ್ತಾರೆ. 2024 ಮತ್ತು 2025ರ ಎಂಟೂ ಗ್ರ್ಯಾನ್‌ಸ್ಲಾಮ್ ಪುರುಷರ ಸಿಂಗಲ್ಸ್ ಪ್ರಶಸ್ತಿಗಳು ಇವರಿಬ್ಬರ ಪಾಲಾಗಿವೆ. ತಲಾ ನಾಲ್ಕು. 2025ರಲ್ಲಿ ಇವರು ಆರು ಸಲ ಎದುರಾದರು, ಆರೂ ಫೈನಲ್‌ಗಳೇ: ರೋಮ್, ಫ್ರೆಂಚ್ ಓಪನ್, ವಿಂಬಲ್ಡನ್, ಸಿನ್ಸಿನಾಟಿ, ಅಮೆರಿಕ ಓಪನ್, ಟೂರಿನ್. ಒಂದೇ ವರ್ಷದ ಮೂರು ಗ್ರ್ಯಾನ್‌ಸ್ಲಾಮ್ ಫೈನಲ್‌ಗಳಲ್ಲಿ ಅದೇ ಇಬ್ಬರು ಪುರುಷರು ಆಡಿದ್ದು 1968ರಿಂದ ಶುರುವಾದ ಓಪನ್ ಯುಗದಲ್ಲಿ ಇದೇ ಮೊದಲು.

ಇದಕ್ಕೆ ಕಾರಣ ಅವರ ಆಟ ಅಷ್ಟೇ ಅಲ್ಲ, ಡ್ರಾ, ಅಂದರೆ ಯಾರು ಯಾರನ್ನು ಎದುರಿಸಬೇಕು ಅನ್ನುವ ಪಟ್ಟಿ ಕೂಡ. ಒಂದನೇ ಶ್ರೇಯಾಂಕದವರನ್ನು ಡ್ರಾದ ಮೇಲಿನ ಅರ್ಧದಲ್ಲಿ, ಎರಡನೇ ಶ್ರೇಯಾಂಕದವರನ್ನು ಕೆಳಗಿನ ಅರ್ಧದಲ್ಲಿ ಇಡುತ್ತಾರೆ. ಹಾಗಾಗಿ ಇವರಿಬ್ಬರು ರ‍್ಯಾಂಕಿಂಗ್‌ನಲ್ಲಿ ಮೊದಲ ಎರಡು ಸ್ಥಾನ ಬಿಟ್ಟುಕೊಡದಿದ್ದರೆ, ಫೈನಲ್‌ಗಿಂತ ಮುಂಚೆ ಇಂಥ ಡ್ರಾದಲ್ಲಿ ಎದುರಾಗೋ ಹಾಗೇ ಇಲ್ಲ.

ನಂಬರ್ ಒನ್ ಗೊಂದಲಕ್ಕೂ ಉತ್ತರ ಸರಳ. ಟೂರಿನ್ ಫೈನಲ್ ಗೆದ್ದವರು ನಂಬರ್ ಒನ್ ಅಂತ ನಿಯಮ ಇಲ್ಲ. ರ‍್ಯಾಂಕಿಂಗ್ ಅಂದರೆ 52 ವಾರಗಳ ಒಟ್ಟು ಗಳಿಕೆ. ಸಿನ್ನರ್ 2025ರ ಫೆಬ್ರವರಿ 9ರಿಂದ ಮೇ 4ರವರೆಗೆ ಮೂರು ತಿಂಗಳು ಅಮಾನತಿನಲ್ಲಿದ್ದರು. 2024ರ ಮಾರ್ಚ್‌ನಲ್ಲಿ ಅವರ ಮಾದರಿಯಲ್ಲಿ ನಿಷೇಧಿತ ಕ್ಲೋಸ್ಟೆಬೋಲ್ ಮದ್ದಿನ ಅಂಶ ಸಿಕ್ಕಿದ ಪ್ರಕರಣದಲ್ಲಿ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ (ವಾಡಾ) ಜತೆ ಆದ ಒಪ್ಪಂದ ಅದು. ಆ ಮೂರು ತಿಂಗಳಲ್ಲಿ ಇಂಡಿಯನ್ ವೆಲ್ಸ್, ಮಯಾಮಿ, ಮಾಂಟೆ ಕಾರ್ಲೊ, ಮ್ಯಾಡ್ರಿಡ್ ಹೀಗೆ ನಾಲ್ಕು ದೊಡ್ಡ ಟೂರ್ನಿಗಳು ಅವರ ಕೈ ತಪ್ಪಿದವು. ಅಲ್ಕರಾಜ್ ಅದರಲ್ಲಿ ಮಾಂಟೆ ಕಾರ್ಲೊ ಗೆದ್ದರು. ವರ್ಷದ ಕೊನೆಗೆ ರ‍್ಯಾಂಕಿಂಗ್ ಅಂಕ ಅಲ್ಕರಾಜ್ 12,050, ಸಿನ್ನರ್ 11,500. ಅಂತರ 550. ಯಾರು ವರ್ಷಪೂರ್ತಿ ಜಾಸ್ತಿ ಗಳಿಸಿದರು ಅನ್ನೋದನ್ನು ರ‍್ಯಾಂಕಿಂಗ್ ಹೇಳುತ್ತದೆ. ಮುಂದಿನ ಭಾನುವಾರ ಯಾರು ಗೆಲ್ಲುತ್ತಾರೆ ಅಂತ ಅದು ಹೇಳುವುದಿಲ್ಲ.

ಪಾಯಿಂಟ್ ಸಮ, ಗೆಲುವು ಸಮ ಇಲ್ಲ. ಹೇಗೆ?

ಕ್ರಿಕೆಟ್‌ನಲ್ಲಿ ಒಂದು ಓವರ್‌ನಲ್ಲಿ ಹೊಡೆದ ರನ್ ಕೊನೆತನಕ ಲೆಕ್ಕದಲ್ಲಿ ಇರುತ್ತದೆ. ಟೆನಿಸ್‌ನಲ್ಲಿ ಹಾಗಿಲ್ಲ. ಪಾಯಿಂಟ್ ಸೇರಿ ಗೇಮ್, ಗೇಮ್ ಸೇರಿ ಸೆಟ್, ಸೆಟ್ ಸೇರಿ ಪಂದ್ಯ. ಗೇಮ್ ಮುಗಿದರೆ ಅದರ ಪಾಯಿಂಟ್‌ಗಳು ಅಲ್ಲಿಗೇ ಖತಂ. ಸೆಟ್ ಮುಗಿದರೆ ಅದರ ಗೇಮ್‌ಗಳೂ ಅಷ್ಟೇ. 6-0 ಗೆದ್ದರೂ ಒಂದೇ ಸೆಟ್, 7-6 ಗೆದ್ದರೂ ಒಂದೇ ಸೆಟ್.

ನಮ್ಮ ಚುನಾವಣೆ ನೋಡಿದವರಿಗೆ ಇದು ಹೊಸದೇನಲ್ಲ. 2018ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್‌ಗೆ ಸುಮಾರು ಶೇ 38 ಮತ ಬಂತು, ಬಿಜೆಪಿಗೆ ಸುಮಾರು ಶೇ 36. ಸೀಟು ಮಾತ್ರ ಬಿಜೆಪಿಗೇ ಜಾಸ್ತಿ, 104. ಒಂದು ಕ್ಷೇತ್ರದಲ್ಲಿ ಐವತ್ತು ಸಾವಿರ ಮತಗಳಿಂದ ಗೆದ್ದರೂ ಸಿಗೋದು ಒಂದೇ ಸೀಟು. ಮತ ಎಷ್ಟು ಬಂತು ಅನ್ನೋದಕ್ಕಿಂತ ಎಲ್ಲಿ ಬಂತು ಅನ್ನೋದು ಮುಖ್ಯವಾಗುತ್ತದೆ. ಟೆನಿಸ್ ಪಾಯಿಂಟ್ ಕೂಡ ಹಾಗೇ.

2019ರ ವಿಂಬಲ್ಡನ್ ಫೈನಲ್ ಇದಕ್ಕೆ ಎಲ್ಲರಿಗೂ ಗೊತ್ತಿರುವ ಸಾಕ್ಷಿ. ರೋಜರ್ ಫೆಡರರ್ ಗೆದ್ದದ್ದು 218 ಪಾಯಿಂಟ್, ನೊವಾಕ್ ಜೊಕೊವಿಚ್ ಗೆದ್ದದ್ದು 204. ಕಪ್ ಜೊಕೊವಿಚ್‌ದು. ಯಾಕೆಂದರೆ ಫೆಡರರ್ ಗೆದ್ದ ಎರಡು ಸೆಟ್‌ಗಳಲ್ಲಿ ಒಂದು 6-1, ಇನ್ನೊಂದು 6-4. ಜೊಕೊವಿಚ್ ಗೆದ್ದ ಮೂರೂ ಸೆಟ್ ಟೈ-ಬ್ರೇಕ್‌ನಲ್ಲಿ, ಅಂದರೆ ಗೇಮ್ ಸಮವಾದಾಗ ಸೆಟ್ ತೀರ್ಮಾನಿಸುವ ಕೊನೆಯ ಗೇಮ್‌ನಲ್ಲಿ. ಐದನೇ ಸೆಟ್‌ನಲ್ಲಿ 8-7, 40-15 ಇದ್ದಾಗ ಸರ್ವ್ ಫೆಡರರ್ ಕೈಯಲ್ಲೇ ಇತ್ತು, ಗೆದ್ದರೆ ಕಪ್ ಕೈಗೆ ಬರುವ ಎರಡು ಚಾಂಪಿಯನ್‌ಶಿಪ್ ಪಾಯಿಂಟ್. ಎರಡೂ ಹೋದವು.

ಅದೇ ಫೆಡರರ್ 2024ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಪದವೀಧರರ ಮುಂದೆ ಮಾತಾಡುವಾಗ ತಮ್ಮದೇ ಲೆಕ್ಕ ಬಿಚ್ಚಿಟ್ಟಿದ್ದರು. ವೃತ್ತಿಜೀವನದ 1526 ಸಿಂಗಲ್ಸ್ ಪಂದ್ಯಗಳಲ್ಲಿ ಅವರು ಗೆದ್ದಿದ್ದು ಹತ್ತಿರ ಹತ್ತಿರ ಶೇ 80. ಆದರೆ ಗೆದ್ದ ಪಾಯಿಂಟ್ ಬರೀ ಶೇ 54. ಅಷ್ಟು ದೊಡ್ಡ ಆಟಗಾರನೂ ಹತ್ತರಲ್ಲಿ ನಾಲ್ಕೂವರೆ ಪಾಯಿಂಟ್ ಸೋಲುತ್ತಲೇ ಇದ್ದರು.

ಇದರ ಹಿಂದಿನ ಗಣಿತ ಕಷ್ಟದ್ದಲ್ಲ. ಒಬ್ಬ ಆಟಗಾರ ಪ್ರತಿ ಪಾಯಿಂಟ್ ಗೆಲ್ಲುವ ಸಾಧ್ಯತೆ ಶೇ 51 ಅಂತ ಇಟ್ಟುಕೊಳ್ಳಿ. ಸರ್ವ್ ಯಾರದು ಅನ್ನೋದನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. ಆಗ ಗೇಮ್ ಗೆಲ್ಲುವ ಸಾಧ್ಯತೆ ಸುಮಾರು ಶೇ 52.5 ಆಗುತ್ತದೆ. ಸೆಟ್‌ಗೆ ಬಂದರೆ ಸುಮಾರು ಶೇ 57. ಐದು ಸೆಟ್‌ಗಳ ಪಂದ್ಯಕ್ಕೆ ಬಂದರೆ ಸುಮಾರು ಶೇ 63. ನೂರಕ್ಕೆ ಒಂದು ಪಾಯಿಂಟ್‌ನ ಹೆಚ್ಚುಗಾರಿಕೆ ಪಂದ್ಯದ ಮಟ್ಟಕ್ಕೆ ಬರುವ ಹೊತ್ತಿಗೆ ಹದಿಮೂರಾಗಿ ಉಬ್ಬುತ್ತದೆ. ಅಂದರೆ ಇಬ್ಬರ ನಡುವೆ ಕೂದಲೆಳೆ ವ್ಯತ್ಯಾಸ ಇದ್ದರೂ ಸ್ಕೋರ್‌ಬೋರ್ಡ್ ಅದನ್ನು ದೊಡ್ಡದಾಗಿ ತೋರಿಸುತ್ತದೆ. ನಾವು ಅದನ್ನೇ ನೋಡಿ ಇವರು ಅವರಿಗಿಂತ ತುಂಬ ಮುಂದೆ ಅಂದುಬಿಡುತ್ತೇವೆ.

ಪ್ಯಾರಿಸ್‌ನ ಮೂರು ಪಾಯಿಂಟ್

2025ರ ಜೂನ್ 8ರಂದು ಪ್ಯಾರಿಸ್‌ನಲ್ಲಿ ನಡೆದ ಫ್ರೆಂಚ್ ಓಪನ್ ಫೈನಲ್ ಅನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅಲ್ಕರಾಜ್ ಮೊದಲ ಎರಡು ಸೆಟ್ ಸೋತಿದ್ದರು, ಮೂರನೇದು ಗೆದ್ದಿದ್ದರು. ನಾಲ್ಕನೇ ಸೆಟ್‌ನಲ್ಲಿ 3-5ರಿಂದ ಹಿಂದೆ. ಸರ್ವ್ ಅವರದೇ, ಸ್ಕೋರ್ 0-40. ಸಿನ್ನರ್‌ಗೆ ಮೂರು ಚಾಂಪಿಯನ್‌ಶಿಪ್ ಪಾಯಿಂಟ್. ಮೂರನ್ನೂ ಅಲ್ಕರಾಜ್ ಉಳಿಸಿಕೊಂಡರು. ಆಮೇಲೆ ಪಂದ್ಯ ಮುಗಿಸಲು 5-4ರಲ್ಲಿ ಸಿನ್ನರ್ ಸರ್ವ್ ಮಾಡಿದರು, ಬ್ರೇಕ್ ಆಯಿತು, ಅಂದರೆ ತಮ್ಮದೇ ಸರ್ವ್‌ನ ಗೇಮ್ ಸೋತರು. ಟೈ-ಬ್ರೇಕ್ ಅಲ್ಕರಾಜ್‌ಗೆ. ಐದನೇ ಸೆಟ್‌ನಲ್ಲಿ ಪಂದ್ಯ ಮುಗಿಸೋ ಅವಕಾಶ ಅಲ್ಕರಾಜ್‌ಗೆ ಬಂತು, ಅಲ್ಲಿ ಸಿನ್ನರ್ ಬ್ರೇಕ್ ಮಾಡಿ 6-5ಕ್ಕೆ ಏರಿದರು. ಕೊನೆಗೆ ಹತ್ತು ಪಾಯಿಂಟ್‌ನ ಟೈ-ಬ್ರೇಕ್‌ನಲ್ಲಿ ಅಲ್ಕರಾಜ್ 10-2ರಿಂದ ಗೆದ್ದರು. ಒಟ್ಟು 5 ಗಂಟೆ 29 ನಿಮಿಷ, ಫ್ರೆಂಚ್ ಓಪನ್ ಫೈನಲ್‌ಗಳಲ್ಲೇ ಅತಿ ಉದ್ದದ್ದು.

ಪಾಯಿಂಟ್ ಲೆಕ್ಕ ಗೊತ್ತಾ? ಸಿನ್ನರ್ 193, ಅಲ್ಕರಾಜ್ 192. ಸೋತವರೇ ಒಂದು ಪಾಯಿಂಟ್ ಜಾಸ್ತಿ ಗೆದ್ದಿದ್ದರು.

ಆ ಮೂರು ಪಾಯಿಂಟ್ ಉಳಿಸಿದ್ದನ್ನು ಪವಾಡ ಅಂತ ಕರೆದವರೇ ಹೆಚ್ಚು. ಧೈರ್ಯ ನಿಜಕ್ಕೂ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಲೆಕ್ಕ ಹಾಕಿದರೆ ಪವಾಡದಷ್ಟು ಅಪರೂಪ ಅಲ್ಲ. ಸರ್ವ್ ಮಾಡುವವರು ಒಂದು ಪಾಯಿಂಟ್ ಗೆಲ್ಲುವ ಸಾಧ್ಯತೆ ಶೇ 60 ಅಂತ ಹಿಡಿದರೂ, ಸತತ ಮೂರು ಗೆಲ್ಲುವ ಸಾಧ್ಯತೆ ಶೇ 21ಕ್ಕಿಂತ ಸ್ವಲ್ಪ ಮೇಲೆ. ಐದು ಸಲಕ್ಕೆ ಒಂದು ಸಲ ಆಗುವಂಥದ್ದು. ಆ ದಿನ ಆಯಿತು. ಆಗದಿದ್ದರೆ ಇವತ್ತು ಫ್ಯಾನ್ಸ್ ಮಾತಾಡೋ ಮಾತೇ ಬೇರೆ ಇರುತ್ತಿತ್ತು.

10-6ರ ಒಳಗೆ ಏನಿದೆ?

ಮುಖಾಮುಖಿ ದಾಖಲೆ ಫ್ಯಾನ್ಸ್ ಕೈಗೆ ಮೊದಲು ಸಿಗುವ ಅಸ್ತ್ರ. 16ರಲ್ಲಿ 10 ಗೆದ್ದವರು ಮೇಲು, ಮುಗೀತು ಅಂತ. ಈ ವಾದದಲ್ಲಿ ಹುರುಳಿಲ್ಲ ಅಂತ ಹೇಳೋಕಾಗಲ್ಲ. ಅಲ್ಕರಾಜ್ ಅವರ ಡ್ರಾಪ್ ಶಾಟ್ (ನೆಟ್ ಹತ್ತಿರ ಮೆಲ್ಲಗೆ ಬೀಳಿಸುವ ಹೊಡೆತ), ಬೌನ್ಸ್ ಎತ್ತರಿಸುವ ಫೋರ್‌ಹ್ಯಾಂಡ್, ಹಠಾತ್ತಾಗಿ ನೆಟ್‌ಗೆ ನುಗ್ಗೋದು, ಇವೆಲ್ಲ ಸಿನ್ನರ್‌ಗೆ ಬೇಸ್‌ಲೈನ್‌ನಲ್ಲಿ ಬೇಕಾದ ಲಯ ಸಿಗದ ಹಾಗೆ ಮಾಡುತ್ತವೆ. ಸಿನ್ನರ್ ಬೇರೆ ಎಲ್ಲರನ್ನೂ ಹಿಂದಕ್ಕೆ ತಳ್ಳುವ ಲಯ ಅದು.

ಆದರೆ ಆ ಹತ್ತನ್ನು ಬಿಡಿಸಿ ನೋಡಿ. 2022ರ ಅಮೆರಿಕ ಓಪನ್ ಕ್ವಾರ್ಟರ್ ಫೈನಲ್‌ನಲ್ಲಿ ಸಿನ್ನರ್‌ಗೆ ನಾಲ್ಕನೇ ಸೆಟ್‌ನಲ್ಲಿ ಮ್ಯಾಚ್ ಪಾಯಿಂಟ್ ಇತ್ತು, ಅದೂ ಅವರದೇ ಸರ್ವ್‌ನಲ್ಲಿ. ಅದನ್ನು ಉಳಿಸಿಕೊಂಡು ಅಲ್ಕರಾಜ್ 5 ಗಂಟೆ 15 ನಿಮಿಷ ಆಡಿ ಗೆದ್ದರು. ಪಂದ್ಯ ಮುಗಿದಾಗ ನ್ಯೂಯಾರ್ಕ್‌ನಲ್ಲಿ ಬೆಳಗಿನ ಜಾವ 2.50. 2024ರ ಬೀಜಿಂಗ್ ಫೈನಲ್ ಮೂರನೇ ಸೆಟ್ ಟೈ-ಬ್ರೇಕ್‌ಗೆ ಹೋಯಿತು, ಅಲ್ಲಿ 0-3ರಿಂದ ಹಿಂದಿದ್ದ ಅಲ್ಕರಾಜ್ ಸತತ ಏಳು ಪಾಯಿಂಟ್ ಗೆದ್ದರು. 2025ರ ಪ್ಯಾರಿಸ್ ಕಥೆ ಮೇಲೆ ಹೇಳಿದ್ದಾಯಿತು. ಆಗಸ್ಟ್‌ನ ಸಿನ್ಸಿನಾಟಿ ಫೈನಲ್ ಅಂತೂ ಆಡಿದ್ದೇ 23 ನಿಮಿಷ. ಹುಷಾರಿಲ್ಲದ ಸಿನ್ನರ್ 0-5 ಇದ್ದಾಗ ಬಿಟ್ಟುಕೊಟ್ಟರು. ದಾಖಲೆಯಲ್ಲಿ ಅದೂ ಒಂದು ಪೂರ್ತಿ ಗೆಲುವು.

ಈ ನಾಲ್ಕರಲ್ಲಿ ನ್ಯೂಯಾರ್ಕ್‌ನ ಒಂದು ಪಾಯಿಂಟ್, ಪ್ಯಾರಿಸ್‌ನ ಒಂದು ಪಾಯಿಂಟ್ ಸಿನ್ನರ್ ಕಡೆ ಬಿದ್ದಿದ್ದರೂ ಸಾಕಿತ್ತು, 10-6 ಅನ್ನೋದು 8-8 ಆಗಿರುತ್ತಿತ್ತು. 3302 ಪಾಯಿಂಟ್‌ಗಳಲ್ಲಿ ಎರಡು ಪಾಯಿಂಟ್!

ಇಲ್ಲಿ ಅಲ್ಕರಾಜ್ ಪರ ಇರುವವರದ್ದು ಗಟ್ಟಿಯಾದ ಪ್ರತಿವಾದ ಇದೆ. ಆ ಪಾಯಿಂಟ್‌ಗಳು ಸುಮ್ನೆ ಬೀಳಲಿಲ್ಲ, ಒತ್ತಡ ಹೆಚ್ಚಾದಾಗ ಅವರ ಆಟ ಏರುತ್ತದೆ, ಅದೂ ಒಂದು ಕೌಶಲವೇ ಅನ್ನುತ್ತಾರೆ. ಒಪ್ಪಬೇಕಾದ ಮಾತು, ಆದರೆ ಪೂರ್ತಿ ಅಲ್ಲ. ಪ್ಯಾರಿಸ್ ಆಗಿ ಐದೇ ವಾರಕ್ಕೆ ವಿಂಬಲ್ಡನ್ ಫೈನಲ್ ನಡೆಯಿತು. ನಾಲ್ಕನೇ ಸೆಟ್‌ನಲ್ಲಿ 4-3ರಿಂದ ಮುಂದಿದ್ದ ಸಿನ್ನರ್ ಸರ್ವ್ ಮಾಡುತ್ತಿದ್ದರು, ಸ್ಕೋರ್ 15-40. ಎದುರಿಗೆ ಅದೇ ಅಲ್ಕರಾಜ್. ಸಿನ್ನರ್ ಎರಡೂ ಬ್ರೇಕ್ ಪಾಯಿಂಟ್ ಉಳಿಸಿಕೊಂಡು 4-6, 6-4, 6-4, 6-4ರಿಂದ ಗೆದ್ದರು. ಪ್ಯಾರಿಸ್‌ನಲ್ಲಿ ಕುಸಿದ ಮನಸ್ಸು ಐದು ವಾರದಲ್ಲಿ ಹೊಸದಾಗಿ ಹುಟ್ಟೋದಿಲ್ಲ. ಪ್ಯಾರಿಸ್‌ನಲ್ಲೂ ಅವರ ಮನಸ್ಸು ಗಟ್ಟಿಯಾಗೇ ಇತ್ತು ಅಂತ ನನ್ನ ಅಭಿಪ್ರಾಯ. ಇಲ್ಲದಿದ್ದರೆ ಮೂರು ಮ್ಯಾಚ್ ಪಾಯಿಂಟ್ ಕಳೆದುಕೊಂಡ ಮೇಲೂ ಐದನೇ ಸೆಟ್‌ನಲ್ಲಿ ಬ್ರೇಕ್ ಮಾಡಿ 6-5ಕ್ಕೆ ಬರೋಕೆ ಆಗುತ್ತಿರಲಿಲ್ಲ.

ಕೋರ್ಟ್ ನೋಡಿ ಹೇಳುವವರು

ಇನ್ನೊಂದು ಗುಂಪು ಅಂಕಣ ನೋಡಿ ತೀರ್ಮಾನ ಮಾಡುತ್ತದೆ. ಟೂರಿನ್ ಮುಗಿದ ಮೇಲಿನ ಲೆಕ್ಕ ಹೀಗಿದೆ: ಆವೆಮಣ್ಣಿನಲ್ಲಿ ಅಲ್ಕರಾಜ್ 3-1, ಹಾರ್ಡ್ ಕೋರ್ಟ್‌ನಲ್ಲಿ ಅಲ್ಕರಾಜ್ 7-3, ಹುಲ್ಲಿನಂಕಣದಲ್ಲಿ ಸಿನ್ನರ್ 2-0.

ಹುಲ್ಲಿನ ಸಾಲು ಎಲ್ಲರ ಲೆಕ್ಕ ತಪ್ಪಿಸಿತು. 2023 ಮತ್ತು 2024ರ ವಿಂಬಲ್ಡನ್ ಚಾಂಪಿಯನ್ ಅಲ್ಕರಾಜ್. 2025ರ ಫೈನಲ್‌ಗೆ ಬರುವಾಗ ಅವರು ಸತತ 24 ಪಂದ್ಯ ಗೆದ್ದಿದ್ದರು. ಸಿನ್ನರ್ ವಿರುದ್ಧವೂ ಸತತ ಐದು. ಸಿನ್ನರ್ ಆದರೋ ನಾಲ್ಕನೇ ಸುತ್ತಿನಲ್ಲಿ ಗ್ರಿಗರ್ ಡಿಮಿಟ್ರೊವ್ ಎದುರು ಎರಡು ಸೆಟ್ ಹಿಂದಿದ್ದರು. ಡಿಮಿಟ್ರೊವ್ ಗಾಯಗೊಂಡು ಹಿಂದೆ ಸರಿದಿದ್ದರಿಂದ ಮುಂದೆ ಬಂದರು, ಅದೇ ಪಂದ್ಯದಲ್ಲಿ ಮೊಣಕೈಗೂ ಪೆಟ್ಟಾಗಿತ್ತು. ಕಾಗದದ ಮೇಲೆ ಎಲ್ಲವೂ ಅಲ್ಕರಾಜ್ ಪರ ಇತ್ತು.

ಆದರೂ ಸಿನ್ನರ್ ಗೆದ್ದರು, ಮತ್ತು ಅದಕ್ಕೆ ಆಟದ ಒಳಗೇ ಕಾರಣ ಇತ್ತು. ಹುಲ್ಲಿನ ಮೇಲೆ ಚೆಂಡು ಜಾಸ್ತಿ ಏಳುವುದಿಲ್ಲ, ಜಾರಿಕೊಂಡು ಬರುತ್ತದೆ. ಅಲ್ಕರಾಜ್ ಅವರ ಟಾಪ್ ಸ್ಪಿನ್ ಸಿನ್ನರ್‌ನ ಭುಜದ ಎತ್ತರಕ್ಕೆ ಹೋಗದೆ ಸೊಂಟದ ಎತ್ತರದಲ್ಲೇ ಸಿಗುತ್ತದೆ. ಸಿನ್ನರ್‌ಗೆ ಬೇಕಾಗಿದ್ದೂ ಅದೇ. ಚಪ್ಪಟೆಯಾಗಿ, ಬೇಗ ಹೊಡೆಯಬಹುದು. ಆವೆಮಣ್ಣಿನಲ್ಲಿ ಇದು ತಿರುಗುಮುರುಗಾಗುತ್ತದೆ, ಚೆಂಡು ನಿಧಾನವಾಗಿ ಎತ್ತರಕ್ಕೆ ಏಳುತ್ತದೆ, ಡ್ರಾಪ್ ಶಾಟ್ ಹಿಡಿಯೋಕೆ ಓಡುವಷ್ಟರಲ್ಲಿ ಕಾಲು ಜಾರುತ್ತದೆ. ಹಾಗಾಗಿ ವಿಂಬಲ್ಡನ್ ಯಾರು ಜಾಸ್ತಿ ಗೆದ್ದಿದ್ದಾರೆ ಅನ್ನೋ ಪ್ರಶ್ನೆಯೇ ಬೇರೆ, ಹುಲ್ಲಿನ ಮೇಲೆ ಈ ಇಬ್ಬರಲ್ಲಿ ಯಾರ ಹೊಡೆತ ಯಾರಿಗೆ ತೊಂದರೆ ಕೊಡುತ್ತದೆ ಅನ್ನೋ ಪ್ರಶ್ನೆಯೇ ಬೇರೆ.

ಆದರೆ ಎರಡು ಪಂದ್ಯ ಇಟ್ಟುಕೊಂಡು ಸಿದ್ಧಾಂತ ಕಟ್ಟೋಕಾಗಲ್ಲ. ಹಾರ್ಡ್ ಕೋರ್ಟ್ ಅಂತ ಒಂದೇ ಹೆಸರಿನಡಿ ಇಂಡಿಯನ್ ವೆಲ್ಸ್‌ನ ನಿಧಾನದ ಕೋರ್ಟೂ ಬರುತ್ತದೆ, ಟೂರಿನ್‌ನ ಒಳಾಂಗಣದ ವೇಗದ ಕೋರ್ಟೂ ಬರುತ್ತದೆ. ಗಾಳಿಯಿಲ್ಲ, ಬಿಸಿಲಿಲ್ಲ, ಸರ್ವ್ ಮೇಲೆತ್ತಿದ ಚೆಂಡು ಅಲ್ಲಾಡುವುದಿಲ್ಲ ಅನ್ನುವಂಥ ಜಾಗದಲ್ಲಿ ಸಿನ್ನರ್ ಟೂರಿನ್ ಮುಗಿಯುವ ಹೊತ್ತಿಗೆ ಸತತ 31 ಪಂದ್ಯ ಗೆದ್ದಿದ್ದರು. 7-3 ಅನ್ನೋ ಅಂಕಿಯಲ್ಲಿ ಇದು ಕಾಣುವುದಿಲ್ಲ.

ಫಾರ್ಮ್ ಎಷ್ಟು ದಿನ ಇರುತ್ತೆ?

ಮಹಿಳೆಯರ ಟೆನಿಸ್‌ನಲ್ಲಿ 2025ರಲ್ಲಿ ನಡೆದದ್ದು ನೋಡಿದರೆ ಫಾರ್ಮ್ ನಂಬುವವರು ಸ್ವಲ್ಪ ಯೋಚನೆ ಮಾಡಬೇಕು. ಜುಲೈನ ವಿಂಬಲ್ಡನ್ ಫೈನಲ್‌ನಲ್ಲಿ ಇಗಾ ಶ್ವಾಂಟೆಕ್ 6-0, 6-0ರಿಂದ ಅಮಾಂಡಾ ಅನಿಸಿಮೋವಾ ಅವರನ್ನು 57 ನಿಮಿಷದಲ್ಲಿ ಸೋಲಿಸಿದರು. ಎರಡು ತಿಂಗಳು ತುಂಬುವ ಮೊದಲೇ ಅಮೆರಿಕ ಓಪನ್ ಕ್ವಾರ್ಟರ್ ಫೈನಲ್‌ನಲ್ಲಿ ಅದೇ ಅನಿಸಿಮೋವಾ 6-4, 6-3ರಿಂದ ಅದೇ ಶ್ವಾಂಟೆಕ್ ಅವರನ್ನು ಸೋಲಿಸಿದರು. ವಿಂಬಲ್ಡನ್ ಅಂಕಿ ಮಾತ್ರ ನೋಡಿದವರು ಯಾರೂ ಇದನ್ನು ಊಹಿಸಿರಲು ಸಾಧ್ಯವಿಲ್ಲ.

ನಿಜವಾಗಿ ನೋಡಬೇಕಾದ್ದು: ಮೊದಲ ಸರ್ವ್

ಒಂದೇ ಅಂಕಿ ಆರಿಸಿಕೊಳ್ಳಿ ಅಂದರೆ ನಾನು ಆರಿಸೋದು ಮೊದಲ ಸರ್ವ್ ಎಷ್ಟು ಸಲ ಒಳಗೆ ಬೀಳುತ್ತದೆ ಅನ್ನೋದನ್ನು. ಪ್ರತಿ ಪಾಯಿಂಟ್‌ಗೂ ಸರ್ವ್ ಮಾಡಲು ಎರಡು ಅವಕಾಶ, ಮೊದಲನೇದು ತಪ್ಪಿದರೆ ಎರಡನೇದು. ಪಂದ್ಯಕ್ಕೆ ಮುಂಚೆ ಇದು ಗೊತ್ತಾಗುವುದಿಲ್ಲ, ಶುರುವಾದ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.

ವಿಂಬಲ್ಡನ್ ಫೈನಲ್‌ನಲ್ಲಿ ಸಿನ್ನರ್ ಮೊದಲ ಸರ್ವ್ ಶೇ 62 ಒಳಗಿತ್ತು, ಅಲ್ಕರಾಜ್‌ದು ಶೇ 53. ಗೆದ್ದವರು ಸಿನ್ನರ್. ಸೆಪ್ಟೆಂಬರ್ 7ರ ಅಮೆರಿಕ ಓಪನ್ ಫೈನಲ್‌ನಲ್ಲಿ ಸಿನ್ನರ್ ಮೊದಲ ಸರ್ವ್ ಶೇ 48ಕ್ಕೆ ಇಳಿಯಿತು. ಅವರ ಸರ್ವ್ ಐದು ಸಲ ಬ್ರೇಕ್ ಆಯಿತು. 6-2, 3-6, 6-1, 6-4ರಿಂದ ಅಲ್ಕರಾಜ್ ಗೆದ್ದರು.

ಇದು ಯಾಕೆ ಇಷ್ಟು ಮುಖ್ಯ? ಈ ಮಟ್ಟದ ಪುರುಷರ ಟೆನಿಸ್‌ನಲ್ಲಿ ಮೊದಲ ಸರ್ವ್ ಒಳಗೆ ಬಿದ್ದರೆ ನಾಲ್ಕರಲ್ಲಿ ಹೆಚ್ಚುಕಮ್ಮಿ ಮೂರು ಪಾಯಿಂಟ್ ಸರ್ವ್ ಮಾಡಿದವರಿಗೆ. ಎರಡನೇ ಸರ್ವ್‌ಗೆ ಹೋದರೆ ಅದು ಅರ್ಧಕ್ಕರ್ಧ. ಉದಾಹರಣೆಗೆ ಮೊದಲ ಸರ್ವ್‌ನಲ್ಲಿ ಶೇ 73, ಎರಡನೇದರಲ್ಲಿ ಶೇ 52 ಅಂತ ಹಿಡಿಯಿರಿ. ಮೊದಲ ಸರ್ವ್ ಶೇ 62 ಒಳಗಿದ್ದರೆ ನೂರು ಸರ್ವ್‌ಗೆ ಸುಮಾರು 65 ಪಾಯಿಂಟ್ ಬರುತ್ತದೆ. ಶೇ 48 ಆದರೆ ಸುಮಾರು 62. ಮೂರೇ ಪಾಯಿಂಟ್ ವ್ಯತ್ಯಾಸ. ಒಟ್ಟು ಪಾಯಿಂಟ್‌ಗಳಲ್ಲಿ ಅರ್ಧದಷ್ಟರಲ್ಲಿ ಮಾತ್ರ ಸರ್ವ್ ನಿಮ್ಮದು, ಹಾಗಾಗಿ ಇಡೀ ಪಂದ್ಯದ ಲೆಕ್ಕದಲ್ಲಿ ನೂರಕ್ಕೆ ಒಂದೂವರೆ. ಇದು ಎಷ್ಟು ದೊಡ್ಡದು ಅಂತ ಮೇಲಿನ ಗಣಿತ ನೋಡಿದವರಿಗೆ ಗೊತ್ತಾಗಿರುತ್ತದೆ. ಪೂರ್ತಿ ಸಮಬಲ ಇರುವ ಇಬ್ಬರಲ್ಲಿ ಒಬ್ಬರಿಗೆ ಇಷ್ಟು ಅನುಕೂಲ ಸಿಕ್ಕರೆ ಐದು ಸೆಟ್‌ನ ಪಂದ್ಯಗಳಲ್ಲಿ ಹತ್ತರಲ್ಲಿ ಸುಮಾರು ಏಳು ಅವರ ಪಾಲು.

ಇನ್ನೊಂದು ಪರಿಣಾಮ ಅಂಕಿಗೆ ಸಿಗುವುದಿಲ್ಲ. ತನ್ನ ಸರ್ವ್ ಸಲೀಸಾಗಿ ಉಳಿಯುತ್ತಿದ್ದರೆ ಆಟಗಾರ ಎದುರಾಳಿಯ ಸರ್ವ್‌ನಲ್ಲಿ ಧೈರ್ಯವಾಗಿ ಹೊಡೆಯುತ್ತಾನೆ. ಪ್ರತಿ ಗೇಮ್‌ನಲ್ಲೂ 30-30ಕ್ಕೆ ಬಂದು ಒದ್ದಾಡುತ್ತಿದ್ದರೆ ಆ ಧೈರ್ಯ ಬರುವುದಿಲ್ಲ.

ಸೋತವರು ಸುಮ್ಮನೆ ಕೂರುವುದಿಲ್ಲ

ಅಮೆರಿಕ ಓಪನ್ ಸೋತ ದಿನವೇ ಸಿನ್ನರ್ ತಮ್ಮ ಆಟ ಎದುರಾಳಿಗೆ ಮೊದಲೇ ಗೊತ್ತಾಗುವ ಹಾಗಿದೆ ಅಂತ ಬಹಿರಂಗವಾಗಿ ಒಪ್ಪಿಕೊಂಡರು. ಬದಲಾವಣೆ ಮಾಡುವಾಗ ಒಂದೆರಡು ಪಂದ್ಯ ಸೋತರೂ ಸರಿ ಅನ್ನುವ ಅರ್ಥದಲ್ಲಿ ಮಾತಾಡಿದರು. ಹೇಳಿದಂತೆ ಸರ್ವ್ ಮೇಲೆ ಕೆಲಸ ಮಾಡಿದರು, ಡ್ರಾಪ್ ಶಾಟ್ ಹೆಚ್ಚಿಸಿದರು.

ಟೂರಿನ್‌ನ ಒಂದು ಪಾಯಿಂಟ್ ಇದನ್ನು ತೋರಿಸುತ್ತದೆ. ಮೊದಲ ಸೆಟ್, 5-6, ಸಿನ್ನರ್ ಸರ್ವ್, ಅಲ್ಕರಾಜ್‌ಗೆ ಸೆಟ್ ಪಾಯಿಂಟ್. ಮೊದಲ ಸರ್ವ್ ತಪ್ಪಿತು. ಇಂಥ ಹೊತ್ತಲ್ಲಿ ಯಾರಾದರೂ ಎರಡನೇ ಸರ್ವ್ ಅನ್ನು ನಿಧಾನವಾಗಿ, ತಿರುವು ಕೊಟ್ಟು ಒಳಗೆ ಹಾಕುತ್ತಾರೆ. ಸಿನ್ನರ್ ಗಂಟೆಗೆ 185 ಕಿಲೋಮೀಟರ್ ದಾಟಿದ ಸರ್ವ್ ಹೊಡೆದರು. ತಪ್ಪಿದ್ದರೆ ಡಬಲ್ ಫಾಲ್ಟ್, ಸೆಟ್ ಹೋಗುತ್ತಿತ್ತು. ಒಳಗೆ ಬಿತ್ತು, ಟೈ-ಬ್ರೇಕ್ ಬಂತು, ಸೆಟ್ ಅವರದಾಯಿತು. ಅಲ್ಕರಾಜ್ ಬಲತೊಡೆಯ ಹಿಂಭಾಗದ ನೋವಿಗೆ ಚಿಕಿತ್ಸೆ ಪಡೆದು ಆಡಿದ್ದರು ಅನ್ನೋದನ್ನೂ ಇಲ್ಲಿ ಸೇರಿಸಲೇಬೇಕು. ಆ ನೋವಿನಿಂದಲೇ ಅವರು ಮುಂದಿನ ವಾರದ ಡೇವಿಸ್ ಕಪ್‌ನಿಂದ ಹಿಂದೆ ಸರಿದರು.

ಹೀಗೆ ಒಬ್ಬರು ಗೆದ್ದರೆ ಇನ್ನೊಬ್ಬರು ತಮ್ಮ ಆಟ ತಿದ್ದಿಕೊಂಡು ಬರುತ್ತಾರೆ. ಹಾಗಾಗಿ ಹಳೆಯ ಪಂದ್ಯದ ಮೌಲ್ಯ ದಿನೇ ದಿನೇ ಕಮ್ಮಿಯಾಗುತ್ತದೆ. 2021ರ ಪ್ಯಾರಿಸ್ ಮಾಸ್ಟರ್ಸ್ (ಫ್ರೆಂಚ್ ಓಪನ್ ಅಲ್ಲ) ಪಂದ್ಯ ಆಡಿದಾಗ ಅಲ್ಕರಾಜ್‌ಗೆ 18, ಸಿನ್ನರ್‌ಗೆ 20. ಆ ಫಲಿತಾಂಶಕ್ಕೂ ಇವತ್ತಿಗೂ ಏನು ಸಂಬಂಧ? ದಾಖಲೆಯಲ್ಲಿ ಮಾತ್ರ ಅದಕ್ಕೂ ಅಮೆರಿಕ ಓಪನ್ ಫೈನಲ್‌ಗೂ ಒಂದೇ ಬೆಲೆ.

ಟೈ-ಬ್ರೇಕ್ ಅನ್ನುವ ಕಿರಿದಾದ ದಾರಿ

ಈ ಕೂದಲೆಳೆ ಅಂತರ ನಮ್ಮವರಿಗೂ ಗೊತ್ತು. ಕೊಡಗಿನ ರೋಹನ್ ಬೋಪಣ್ಣ 2010ರ ಅಮೆರಿಕ ಓಪನ್ ಡಬಲ್ಸ್ ಫೈನಲ್‌ನಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜತೆಗೂಡಿ ಬ್ರಯಾನ್ ಸಹೋದರರ ಎದುರು ಆಡಿದ್ದರು. ಎರಡೂ ಸೆಟ್ ಟೈ-ಬ್ರೇಕ್, 7-5 ಮತ್ತು 7-4ರಲ್ಲಿ ಸೋಲು. ಗ್ರ್ಯಾನ್‌ಸ್ಲಾಮ್ ಪುರುಷರ ಡಬಲ್ಸ್ ಪ್ರಶಸ್ತಿ ಬರಲು ಅವರು 2024ರವರೆಗೆ ಕಾಯಬೇಕಾಯಿತು. 43ನೇ ವಯಸ್ಸಿನಲ್ಲಿ ಮೆಲ್ಬರ್ನ್‌ನಲ್ಲಿ ಮ್ಯಾಥ್ಯೂ ಎಬ್ಡೆನ್ ಜತೆ ಗೆದ್ದಾಗಲೂ ಮೊದಲ ಸೆಟ್ ಟೈ-ಬ್ರೇಕೇ. ಈ ಸಲ ಅದು 7-0. ಬೋಪಣ್ಣ 2025ರ ನವೆಂಬರ್ 1ರಂದು ನಿವೃತ್ತಿ ಹೇಳಿದರು. 2010ರಲ್ಲಿ ಆ ಕೆಲವು ಪಾಯಿಂಟ್ ಈ ಕಡೆ ಬಂದಿದ್ದರೆ ಅವರ ವೃತ್ತಿಯ ಬಗ್ಗೆ ಇಷ್ಟು ವರ್ಷ ನಾವು ಮಾತಾಡಿದ ರೀತಿಯೇ ಬೇರೆ ಆಗಿರುತ್ತಿತ್ತು.

ವಾದ ಬೈಗುಳಕ್ಕೆ ತಿರುಗಿದಾಗ

ಫ್ಯಾನ್ಸ್ ವಾದ ಮಾಡೋದರಲ್ಲಿ ತಪ್ಪೇನಿಲ್ಲ, ಆಟದ ಖುಷಿಯ ಅರ್ಧ ಅದರಲ್ಲೇ ಇದೆ. ಸಮಸ್ಯೆ ಶುರುವಾಗೋದು ಸಾಧ್ಯತೆಯನ್ನು ಭರವಸೆ ಅಂದುಕೊಂಡಾಗ. ಶೇ 55 ಫೇವರಿಟ್ ಅಂದರೆ ನೂರರಲ್ಲಿ 45 ಸಲ ಅವರು ಸೋಲುತ್ತಾರೆ ಅಂತಲೇ ಅರ್ಥ. ಇದನ್ನು ಮರೆತವರು ಸೋಲು ಬಂದಾಗ ಆಟಗಾರರು ಬೇಕಂತಲೇ ಬಿಟ್ಟರು, ಹೆದರಿದರು, ಮೋಸ ಮಾಡಿದರು ಅಂತ ಕಾರಣ ಹುಡುಕುತ್ತಾರೆ.

ಅದರಲ್ಲಿ ದುಡ್ಡು ಸೇರಿದರೆ ಇನ್ನೂ ಕೆಟ್ಟದು. ಮಹಿಳಾ ಟೆನಿಸ್ ಸಂಸ್ಥೆ ಡಬ್ಲ್ಯುಟಿಎ ಮತ್ತು ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ ಐಟಿಎಫ್ ಜೂನ್ 2025ರಲ್ಲಿ ಹೊರತಂದ ವರದಿ ಪ್ರಕಾರ, 2024ರಲ್ಲಿ 458 ಆಟಗಾರರಿಗೆ ಸುಮಾರು 8,000 ನಿಂದನೆಯ ಸಂದೇಶಗಳು ಬಂದಿವೆ. ಅದರಲ್ಲಿ ಶೇ 40ರಷ್ಟು ಬಾಜಿ ಕಟ್ಟಿ ದುಡ್ಡು ಕಳೆದುಕೊಂಡ ಸಿಟ್ಟಿನಲ್ಲಿ ಬರೆದವರದ್ದು. ನಮ್ಮಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಆದರೂ ಗ್ಯಾರಂಟಿ ಪ್ರಿಡಿಕ್ಷನ್ ಅಂತ ದುಡ್ಡು ಕೇಳುವವರು ಎಲ್ಲ ಫೈನಲ್ ಮುಂಚೆಯೂ ಬರುತ್ತಾರೆ. ಪ್ಯಾರಿಸ್‌ನಲ್ಲಿ ಆದಂತೆ 385 ಪಾಯಿಂಟ್ ಆಡಿ ಒಂದು ಪಾಯಿಂಟ್ ವ್ಯತ್ಯಾಸ ಬಂದ ಪಂದ್ಯಕ್ಕೆ ಯಾರೂ ಗ್ಯಾರಂಟಿ ಕೊಡೋಕಾಗಲ್ಲ. ಕೊಡ್ತೀನಿ ಅಂದವರನ್ನು ನಂಬಲೇಬೇಡಿ.

ಹಾಗಾದರೆ ಮೆಲ್ಬರ್ನ್‌ನಲ್ಲಿ?

2026ರ ಆಸ್ಟ್ರೇಲಿಯನ್ ಓಪನ್ ಜನವರಿ 18ಕ್ಕೆ ಶುರು, ಪುರುಷರ ಫೈನಲ್ ಫೆಬ್ರವರಿ 1ರಂದು. ಅಲ್ಲಿನ ಸಂಜೆ ಏಳೂವರೆ ಅಂದರೆ ನಮಗೆ ಮಧ್ಯಾಹ್ನ ಎರಡು ಗಂಟೆ. ಸಿನ್ನರ್ ಅಲ್ಲಿ 2024 ಮತ್ತು 2025ರ ಚಾಂಪಿಯನ್. ಅಲ್ಕರಾಜ್ ಅಲ್ಲಿ 2025ರವರೆಗೆ ಕ್ವಾರ್ಟರ್ ಫೈನಲ್ ದಾಟಿರಲಿಲ್ಲ. ಗೆದ್ದರೆ ನಾಲ್ಕೂ ಗ್ರ್ಯಾನ್‌ಸ್ಲಾಮ್ ಗೆದ್ದಂತಾಗುತ್ತದೆ, ಅದೂ 22ನೇ ವಯಸ್ಸಿಗೆ. ನಡಾಲ್ ಇದನ್ನು ಮಾಡಿದ್ದು 24ಕ್ಕೆ. ಇವರಿಬ್ಬರು ಆಸ್ಟ್ರೇಲಿಯನ್ ಓಪನ್‌ನಲ್ಲಿ 2025ರವರೆಗೆ ಒಮ್ಮೆಯೂ ಎದುರಾಗಿರಲಿಲ್ಲ. ಅಂದರೆ ಎಲ್ಲರೂ ಜಗಳವಾಡುತ್ತಿರುವ ಆ ಫೈನಲ್‌ಗೆ ಆ ಜಾಗದ ಯಾವ ಇತಿಹಾಸವೂ ಇಲ್ಲ.

ಇವರಿಬ್ಬರೇ ಬರುತ್ತಾರೆ ಅನ್ನೋದೂ ಖಾತ್ರಿಯಿಲ್ಲ. 38 ವರ್ಷದ ಜೊಕೊವಿಚ್ 2025ರಲ್ಲಿ ನಾಲ್ಕೂ ಗ್ರ್ಯಾನ್‌ಸ್ಲಾಮ್‌ಗಳಲ್ಲಿ ಸೆಮಿಫೈನಲ್ ತಲುಪಿದ್ದಾರೆ. ಮೆಲ್ಬರ್ನ್ ಅವರು ಹತ್ತು ಸಲ ಗೆದ್ದ ಜಾಗ.

ಬಂದರೆ ಏನು? ಕ್ರೀಡಾಂಗಣದ ಚಾವಣಿ ಮುಚ್ಚಿ ಒಳಾಂಗಣದಂತಾದರೆ, ಸಿನ್ನರ್ ಮೊದಲ ಸರ್ವ್ ಶೇ 60ರ ಮೇಲೆ ನಿಂತರೆ, ನನ್ನ ಲೆಕ್ಕದಲ್ಲಿ ಅವರಿಗೇ ಅನುಕೂಲ. ಅದು ಐವತ್ತರ ಆಸುಪಾಸಿಗೆ ಇಳಿದರೆ, ಪಂದ್ಯ ನಾಲ್ಕು ಗಂಟೆ ದಾಟಿದರೆ, ಅಲ್ಕರಾಜ್ ಅವರ ತೊಡೆ ಪೂರ್ತಿ ವಾಸಿಯಾಗಿದ್ದರೆ, ಅಲ್ಕರಾಜ್. ಫೈನಲ್ ಹಿಂದಿನ ದಿನ 10-6 ಅಂತ ವಾದ ಮಾಡುವ ಬದಲು, ಸೆಮಿಫೈನಲ್‌ನಲ್ಲಿ ಇಬ್ಬರೂ ಎಷ್ಟು ಹೊತ್ತು ಆಡಿದರು, ಮೊದಲ ಸರ್ವ್ ಎಷ್ಟು ಒಳಗೆ ಬಿತ್ತು, ಯಾರು ವೈದ್ಯರನ್ನು ಕರೆಸಿದರು ಅಂತ ನೋಡಿ. ಅಮೆರಿಕ ಓಪನ್ ಸೆಮಿಫೈನಲ್‌ನಲ್ಲಿ ಸಿನ್ನರ್ ಹೊಟ್ಟೆಯ ಸ್ನಾಯುವಿಗೆ ಚಿಕಿತ್ಸೆ ಪಡೆದಿದ್ದರು, ಅಲ್ಕರಾಜ್ ಒಂದೂ ಸೆಟ್ ಸೋಲದೆ ಫೈನಲ್‌ಗೆ ಬಂದಿದ್ದರು. ಆ ಎರಡು ಸುದ್ದಿ ಅವತ್ತು ಎಲ್ಲರ ಕಣ್ಣ ಮುಂದೆಯೇ ಇದ್ದವು.